ಮುಯ್ಯಾಳಿನ ಲೆಕ್ಕ

(ಸಂಘದ ವಾರ್ಷಿಕೋತ್ಸವದಲ್ಲಿ, ಸ್ಟರ್ಲಿಂಗ್‌ನಲ್ಲಿ ಮಾಡಿದ ಭಾಷಣ)



ವೈದ್ಯರನ್ನು ಮಾತಿಗೆ ಕರೆದರೆ ಸಕ್ಕರೆ ಕಾಯಿಲೆ, ಕೊಲೆಸ್ಟರಾಲು ಎಂದು ಹಬ್ಬದೂಟದ ರುಚಿ ಕೆಡಿಸುತ್ತಾರೆಂಬ ಭಯ ಸಹಜ. ಇವತ್ತು ಅದು ಬೇಡ. ನಮ್ಮ ಮನೆಗಳಲ್ಲಿ ದೀಪ ಆರಿಸಿದ ಮೇಲೆ ಗಂಡ ಹೆಂಡತಿ ಪಿಸುಮಾತಿನಲ್ಲಿ ನಡೆಸುವ ಚರ್ಚೆಯನ್ನೇ ಸಭೆಗೆ ತರೋಣ: ಮಗುವನ್ನು ನೋಡಿಕೊಳ್ಳುವವರು ಯಾರು? ಅದಕ್ಕೆ ತಗಲುವ ಖರ್ಚೆಷ್ಟು?

ಮೊದಲು ಡೇ ಕೇರ್ ಬಿಲ್ಲು. ಅದನ್ನು ನೋಡಿ ಗೊಣಗದವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಲೆಕ್ಕ ಹಾಕಿ ನೋಡೋಣ. ವರ್ಜೀನಿಯದ ನಿಯಮದಂತೆ ಹದಿನಾರು ತಿಂಗಳೊಳಗಿನ ನಾಲ್ಕು ಶಿಶುಗಳಿಗೆ ಒಬ್ಬರು ಇರಲೇಬೇಕು. ಡೇ ಕೇರ್ ದಿನಕ್ಕೆ 11 ಗಂಟೆಯಂತೆ ವಾರಕ್ಕೆ 55 ಗಂಟೆ ತೆರೆದಿದ್ದರೆ, 40 ಗಂಟೆ ದುಡಿಯುವ ಒಬ್ಬರಿಂದ ಸಾಲದು. ಇನ್ನೊಬ್ಬರು 15 ಗಂಟೆ ಬರಬೇಕು. ಈ ಸಂಬಳವನ್ನು ನಾಲ್ಕು ಮನೆಗಳು ಹಂಚಿಕೊಂಡರೆ ತಲಾ ಒಬ್ಬರ ಪೂರ್ತಿ ಸಂಬಳದ ಮೂರನೇ ಒಂದು ಪಾಲು ಬೀಳುತ್ತದೆ. ಬಾಡಿಗೆ, ವಿಮೆ, ಆಡಳಿತದ ಖರ್ಚು ಆಮೇಲೆ. ಹಸುವಿನ ಹಾಲು ಕರೆಯಲು ಯಂತ್ರ ಬಂತು. ಮಗುವನ್ನು ತಟ್ಟಿ ಮಲಗಿಸಲು ಬರಲಿಲ್ಲ. ಹಾಗಾಗಿ ಕೊಡುವ ನಮಗೂ ಭಾರ, ದುಡಿಯುವ ಆಕೆಗೂ ಸಾಲದು.

ಈ ಖರ್ಚು ಎಂದು ಮುಗಿಯುತ್ತದೆ ಎಂಬುದಕ್ಕೆ ಪಂಚಾಂಗವನ್ನೇ ನೋಡಬೇಕು! ಈ ರಾಜ್ಯದಲ್ಲಿ ಕಿಂಡರ್‌ಗಾರ್ಟನ್ ಸೇರಲು ಸೆಪ್ಟೆಂಬರ್ 30ರೊಳಗೆ ಐದು ವರ್ಷ ತುಂಬಬೇಕು. ಅಕ್ಟೋಬರ್ ಮೊದಲ ವಾರದಲ್ಲಿ ಹುಟ್ಟಿದ ಮಗುವಿನ ತಂದೆ ತಾಯಿ ಸಾಮಾನ್ಯವಾಗಿ ಇನ್ನೊಂದು ವರ್ಷದ ಡೇ ಕೇರ್ ಹಣ ಕಟ್ಟಬೇಕು. ನಮ್ಮ ಲೌಡನ್ ಕೌಂಟಿಯಲ್ಲಂತೂ ಬಹುಕಾಲ ಹೆಚ್ಚಿನ ಮಕ್ಕಳಿಗೆ ಅರ್ಧ ದಿನದ ಕಿಂಡರ್‌ಗಾರ್ಟನ್ ಮಾತ್ರ ಇತ್ತು. ಪೂರ್ಣ ದಿನದ ತರಗತಿ ಹಂತ ಹಂತವಾಗಿ ಬಂತು.

ಸರ್ಕಾರದ ನೆರವೇನು? 1971ರಲ್ಲಿ ಅಮೆರಿಕದ ಕಾಂಗ್ರೆಸ್ಸು ದೇಶವ್ಯಾಪಿ ಶಿಶುಪಾಲನಾ ವ್ಯವಸ್ಥೆಗೆ ಮಸೂದೆ ಅಂಗೀಕರಿಸಿತ್ತು. ಅದೇ ಡಿಸೆಂಬರಿನಲ್ಲಿ ಅಧ್ಯಕ್ಷ ನಿಕ್ಸನ್ ಅದನ್ನು ತಳ್ಳಿಹಾಕಿದರು. 1993ರ ಕಾನೂನು ಐವತ್ತು ಅಥವಾ ಹೆಚ್ಚು ಜನರಿರುವ ಕಂಪನಿಗಳ ಅರ್ಹ ನೌಕರರಿಗೆ 12 ವಾರ ರಜೆ ಕೊಟ್ಟಿತು, ಸಂಬಳವಿಲ್ಲದೆ. ಭಾರತದಲ್ಲಿ 2017ರ ತಿದ್ದುಪಡಿಯಿಂದ ಮೊದಲೆರಡು ಮಕ್ಕಳಿಗೆ ಸಂಬಳ ಸಹಿತ 26 ವಾರ ಸಿಕ್ಕಿತು. ಅದೂ ಕಚೇರಿ, ಕಾರ್ಖಾನೆಗಳಿಗೆ. ಗದ್ದೆಯಲ್ಲಿ ನಾಟಿ ಮಾಡುವ ತಾಯಿಗೆ ಅಲ್ಲ. ಆಕೆಯ ಮಗುವಿಗೆ ದಿಕ್ಕಾದದ್ದು ಅಂಗನವಾಡಿ. 1975ರ ಅಕ್ಟೋಬರ್ 2ರಂದು ಆರಂಭವಾದ ಆ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ.

ಇಷ್ಟೆಲ್ಲ ಕೇಳಿದ ಮೇಲೆ ನಮ್ಮಲ್ಲಿ ಹಲವರ ಉತ್ತರ ಒಂದೇ: "ಊರಿಂದ ಅಮ್ಮನನ್ನು ಕರೆಸೋಣ, ಖರ್ಚೇ ಇಲ್ಲ." ಆರು ತಿಂಗಳು ಹುಡುಗಿಯ ಕಡೆಯವರು, ಆರು ತಿಂಗಳು ಹುಡುಗನ ಕಡೆಯವರು. ನಮ್ಮ ಎಷ್ಟೋ ಮಕ್ಕಳು ಕನ್ನಡ ಕಲಿತದ್ದು ಈ ಪಾಳಿಯಿಂದಲೇ. ಆದರೆ ಖರ್ಚೇ ಇಲ್ಲ ಎಂಬ ಮಾತನ್ನು ವೈದ್ಯರಾಗಿ ನಾವು ಒಪ್ಪಲಾರೆವು. ಮಂಡಿ ನೋವಿನ ಅಜ್ಜಿ ದಿನಕ್ಕೆ ಹತ್ತು ಬಾರಿ ಮಗುವನ್ನೆತ್ತಿ ಮೆಟ್ಟಿಲು ಹತ್ತುತ್ತಾರೆ. ಕಾರು ಓಡಿಸಲು ಬಾರದು, ನೆರೆಯವರ ಪರಿಚಯವಿಲ್ಲ. ಊರಿನ ಕಟ್ಟೆ, ದೇವಸ್ಥಾನ, ತರಕಾರಿಯವನ ಕೂಗು ಯಾವುದೂ ಇಲ್ಲ. ಕೇಳಿದರೆ "ಚೆನ್ನಾಗಿದ್ದೀನಪ್ಪ" ಎನ್ನುತ್ತಾರೆ. ರಕ್ತದೊತ್ತಡದ ಮಾಪಕ ಬೇರೆ ಹೇಳುತ್ತದೆ. ಮೆಡಿಕೇರ್ ಅವರಿಗಿಲ್ಲ, ಪ್ರವಾಸಿಗರ ವಿಮೆ ಹಳೆಯ ಕಾಯಿಲೆಯ ಮಾತು ಬಂದರೆ ಹಿಂದೆ ಸರಿಯುವುದೇ ಹೆಚ್ಚು. ಅಜ್ಜಿ ಕೊಡುವುದು ಉಡುಗೊರೆ. ಅದನ್ನು ನಾವು ಬಿಟ್ಟಿ ಚಾಕರಿ ಮಾಡಬಾರದು.

ಹಾಗಾದರೆ ದಾರಿ? ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿ ಇತ್ತು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು, ಕಾಸಿನ ಮಾತಿಲ್ಲ. ವಿಶೇಷವೆಂದರೆ ಇಲ್ಲೇ ವಾಷಿಂಗ್ಟನ್ನಿನ ಕ್ಯಾಪಿಟಲ್ ಹಿಲ್‌ನಲ್ಲಿ 1970ರ ದಶಕದಲ್ಲಿ ಸುಮಾರು 150 ದಂಪತಿಗಳು ಇದನ್ನೇ ಮಾಡಿದರು. ಅರ್ಧ ಗಂಟೆಗೊಂದು ಚೀಟಿ: ಇನ್ನೊಬ್ಬರ ಮಗುವನ್ನು ನೋಡಿಕೊಂಡರೆ ಚೀಟಿ ಬರುತ್ತದೆ, ನಿಮ್ಮ ಮಗುವನ್ನು ಬಿಟ್ಟು ಹೋದರೆ ಚೀಟಿ ಹೋಗುತ್ತದೆ. ಕೆಲಕಾಲದಲ್ಲೇ ಎಲ್ಲರೂ ಚೀಟಿ ಕೂಡಿಡತೊಡಗಿದರು. ಯಾರೂ ಹೊರಗೆ ಹೋಗಲಿಲ್ಲ. ಹಾಗಾಗಿ ಯಾರಿಗೂ ಚೀಟಿ ಸಂಪಾದಿಸುವ ಅವಕಾಶವಿಲ್ಲ! ಹೆಚ್ಚು ಚೀಟಿ ಹಂಚಿದ ಮೇಲೆ ಸಂಘ ಚೇತರಿಸಿಕೊಂಡಿತು. ಆಮೇಲೆ ಚೀಟಿ ಅತಿಯಾಗಿ ಬೇರೆ ತೊಂದರೆ ಬಂತು. ಇದರ ಸದಸ್ಯರಾಗಿದ್ದ ಸ್ವೀನಿ ದಂಪತಿಗಳು 1977ರಲ್ಲಿ ಬರೆದ ಲೇಖನ ಅರ್ಥಶಾಸ್ತ್ರಜ್ಞರ ನಡುವೆ ಪ್ರಸಿದ್ಧವಾಯಿತು.

ಅದರಿಂದ ನಾವು ಕಲಿಯಬೇಕಾದ್ದು ಸರಳ: ಸಹಾಯ ಕೊಡುವಷ್ಟೇ ಧಾರಾಳವಾಗಿ ಸಹಾಯ ಕೇಳಬೇಕು. ನಮ್ಮವರು ಕೊಡುವುದರಲ್ಲಿ ಮುಂದು, ಕೇಳುವುದರಲ್ಲಿ ಸಂಕೋಚ. "ಅವರಿಗೇಕೆ ತೊಂದರೆ" ಎನ್ನುತ್ತ ಮನೆಯ ಅಜ್ಜಿಗೇ ಎಲ್ಲ ತೊಂದರೆ ಕೊಡುತ್ತೇವೆ.

ಆದ್ದರಿಂದ ಸಂಘಕ್ಕೆ ನಮ್ಮ ಸಲಹೆ ಇಷ್ಟು. ಸ್ಟರ್ಲಿಂಗ್, ಆಶ್‌ಬರ್ನ್, ಹರ್ನ್‌ಡನ್ ಸುತ್ತ ಹತ್ತಿರ ಹತ್ತಿರದ ಐದಾರು ಮನೆಗಳ ಮುಯ್ಯಿ ಗುಂಪುಗಳಾಗಲಿ. ಡೇ ಕೇರ್‌ಗೆ ಇದು ಬದಲಿಯಲ್ಲ. ಶನಿವಾರ, ಶಾಲೆಗೆ ಹಿಮ ಬಿದ್ದು ರಜೆಯಾದ ದಿನ, ಮಗುವಿಗೆ ತಮ್ಮನೋ ತಂಗಿಯೋ ಹುಟ್ಟಿದ ವಾರ, ಇವುಗಳಿಗೆ. ಹೆಚ್ಚು ಮಕ್ಕಳನ್ನು ಸೇರಿಸುವ ಮುನ್ನ ರಾಜ್ಯದ ಪರವಾನಗಿ ನಿಯಮ ನೋಡಿಕೊಳ್ಳಿ. ಅಜ್ಜಿಯರಿಗೆ ವಾರಕ್ಕೆರಡು ದಿನವಾದರೂ ಕಡ್ಡಾಯ ರಜೆ ಇರಲಿ. ಅವರನ್ನು ಒಂದೆಡೆ ಸೇರಿಸಿ, ಕರೆದೊಯ್ಯುವ ಹೊಣೆ ಕಾರಿರುವವರದು.

ಕೊನೆಗೆ ವೈದ್ಯರ ಚಟ, ಎರಡು ಮಾತು. ಶಿಶುವನ್ನು ಬೆನ್ನ ಮೇಲೆಯೇ ಮಲಗಿಸಿ. ಊರಿಂದ ತಂದ ಮಾತ್ರೆಗಳನ್ನು ಬೀಗದಲ್ಲಿಡಿ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು ಒಂದೇ ಒಂದಾದರೂ ಪುಟ್ಟ ಮಗುವಿನ ಜೀವಕ್ಕೆ ಅಪಾಯ. ವಿಷ ನಿಯಂತ್ರಣ ಕೇಂದ್ರದ 1-800-222-1222 ಸಂಖ್ಯೆಯನ್ನು ಫ್ರಿಜ್ ಮೇಲೆ ಅಂಟಿಸಿ. ಮಗುವಿಗೆ ಎಚ್ಚರ ತಪ್ಪಿದರೆ ನೇರವಾಗಿ 911.

ಊಟಕ್ಕೆ ಏಳುವ ಮುನ್ನ ಬಾಗಿಲ ಬಳಿಯ ಹಾಳೆಯಲ್ಲಿ ಹೆಸರು ಬರೆಯಿರಿ. ಎರಡು ಅಂಕಣಗಳಿವೆ: "ಕೊಡಬಲ್ಲೆವು", "ಬೇಕಾಗಿದೆ". ದಯವಿಟ್ಟು ಎರಡನ್ನೂ ತುಂಬಿ.