ನಮ್ಮ ಏಳು ಸ್ಥಾನ, ವಿಧಾನಸಭೆಯ ಲೆಕ್ಕ



ಮತ ಎಣಿಕೆಯ ದಿನ ಎಲ್ಲರ ಬಾಯಲ್ಲೂ ಒಂದೇ ಸಂಖ್ಯೆ: 113. 224 ಸದಸ್ಯರ ನಮ್ಮ ವಿಧಾನಸಭೆಯಲ್ಲಿ ಬಹುಮತಕ್ಕೆ ಅಷ್ಟು ಬೇಕು. ಅದರಲ್ಲಿ ರಾಯಚೂರು ಜಿಲ್ಲೆಯ ಪಾಲು ಬರೀ ಏಳು. ಆದರೆ ಸರ್ಕಾರಗಳ ಅಳಿವು ಉಳಿವಿನ ಹೊತ್ತಿನಲ್ಲಿ ಈ ಏಳರ ಮಾತು ಮತ್ತೆ ಮತ್ತೆ ಬಂದಿದೆ.

1952ರಲ್ಲಿ ನಮ್ಮ ಹಿರಿಯರು ಆರಿಸಿ ಕಳಿಸಿದ ಶಾಸಕರು ಕೂತದ್ದು ಹೈದರಾಬಾದಿನ ವಿಧಾನಸಭೆಯಲ್ಲಿ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷದ ಚುನಾವಣೆಯಿಂದ ನಮ್ಮವರು ಬೆಂಗಳೂರಿನ ದಾರಿ ಹಿಡಿದರು. 1983ರಲ್ಲಿ ಜನತಾ ಪಕ್ಷ 95 ಸ್ಥಾನ ಗೆದ್ದು, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗುವವರೆಗೆ ರಾಜ್ಯವಾಳಿದ್ದು ಕಾಂಗ್ರೆಸ್ಸೇ.

ನಮ್ಮ ಜಿಲ್ಲೆಯ ಮಟ್ಟಿಗೆ ದೊಡ್ಡ ಬದಲಾವಣೆ 2008ರದು. ಕ್ಷೇತ್ರ ಮರುವಿಂಗಡಣೆಯಾಗಿ ಪರಿಶಿಷ್ಟ ಪಂಗಡದ ಮೀಸಲು ಸ್ಥಾನಗಳು ರಾಜ್ಯದಲ್ಲಿ 2ರಿಂದ 15ಕ್ಕೇರಿದವು. ಅವುಗಳಲ್ಲಿ ನಾಲ್ಕು ನಮ್ಮವೇ: ರಾಯಚೂರು ಗ್ರಾಮೀಣ, ಮಾನ್ವಿ, ದೇವದುರ್ಗ, ಮಸ್ಕಿ. ಲಿಂಗಸುಗೂರು ಪರಿಶಿಷ್ಟ ಜಾತಿಗೆ ಮೀಸಲು. ಎಷ್ಟೋ ಕಾಲದಿಂದ ಸಲ್ಲಬೇಕಾಗಿದ್ದ ಪಾಲು ಇದು.

ಅದೇ ವರ್ಷ ಬಿಜೆಪಿ 110ಕ್ಕೆ ನಿಂತಿತು, ಮೂರು ಕಡಿಮೆ. ಪಕ್ಷಾಂತರ ಮಾಡಿದರೆ ಶಾಸಕತ್ವ ಹೋಗುತ್ತದೆ; ಆದರೆ ರಾಜೀನಾಮೆ ಕೊಟ್ಟು ಮತ್ತೆ ಗೆದ್ದು ಬಂದರೆ ಅಡ್ಡಿಯಿಲ್ಲ. ಬಿಜೆಪಿ ಹಿಡಿದ ಈ ದಾರಿಗೆ ಜನ 'ಆಪರೇಷನ್ ಕಮಲ' ಎಂದರು. ದೇವದುರ್ಗದಲ್ಲಿ ಜೆಡಿಎಸ್‌ನಿಂದ ಗೆದ್ದಿದ್ದ ಶಿವನಗೌಡ ನಾಯಕರು ರಾಜೀನಾಮೆಯಿತ್ತು, ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು. ಮತದಾರರು ಆ ಬದಲಾವಣೆಗೆ ಒಪ್ಪಿಗೆ ಕೊಟ್ಟರು.

ಮಸ್ಕಿಯ ಮತದಾರರು ಒಪ್ಪಲಿಲ್ಲ. 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು ಸೋಲಿಸಿದ್ದು ಕೇವಲ 213 ಮತಗಳಿಂದ. ಮರುವರ್ಷ ರಾಜೀನಾಮೆ ಕೊಟ್ಟ ಶಾಸಕರಲ್ಲಿ ಪಾಟೀಲರೂ ಒಬ್ಬರು. ಜುಲೈ 23ರಂದು ವಿಶ್ವಾಸಮತಕ್ಕೆ ಪರ 99, ವಿರುದ್ಧ 105 ಮತ ಬಿದ್ದು ಕಾಂಗ್ರೆಸ್-ಜೆಡಿಎಸ್ ಮೈತ್ರಿಯ ಕುಮಾರಸ್ವಾಮಿ ಸರ್ಕಾರ ಉರುಳಿತು. ಮಸ್ಕಿ ಮಾತ್ರ ಕೋರ್ಟ್ ತಕರಾರಿನಿಂದ 2021ರ ಏಪ್ರಿಲ್ ಉಪಚುನಾವಣೆಯವರೆಗೆ ಶಾಸಕರಿಲ್ಲದೆ ಉಳಿಯಿತು. ಕಣದಲ್ಲಿ ಅದೇ ಇಬ್ಬರು, ಪಕ್ಷಗಳು ಮಾತ್ರ ಅದಲುಬದಲು! ಕ್ಷೇತ್ರದ ಪಾಮನಕಲ್ಲೂರಿನಲ್ಲಿ ರೈತರು 5ಎ ಎಂಬ ನೀರಾವರಿ ಕಾಲುವೆಗಾಗಿ ಧರಣಿ ಕೂತಿದ್ದರು. ಆಳುವ ಪಕ್ಷದ ಮಂತ್ರಿಗಳ ದಂಡೇ ಬಂದರೂ ತುರ್ವಿಹಾಳರು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು.

2023ರಲ್ಲಿ ರಾಜ್ಯ ಕಾಂಗ್ರೆಸ್ಸಿಗೆ 135 ಸ್ಥಾನ ಕೊಟ್ಟಿತು, ಬಿಜೆಪಿಗೆ 66, ಜೆಡಿಎಸ್‌ಗೆ 19. ನಮ್ಮ ಏಳರಲ್ಲಿ ಮಾನ್ವಿ ಸೇರಿ ನಾಲ್ಕು ಕಾಂಗ್ರೆಸ್ಸಿಗೆ, ರಾಯಚೂರು ನಗರ ಮತ್ತು ಲಿಂಗಸುಗೂರು ಬಿಜೆಪಿಗೆ. ದೇವದುರ್ಗದಿಂದ ಗೆದ್ದ ಜೆಡಿಎಸ್‌ನ ಕರೆಮ್ಮ ನಾಯಕ ಜಿಲ್ಲೆಯ ಏಕೈಕ ಮಹಿಳಾ ಶಾಸಕಿ.

2019ರಲ್ಲಿ ರಾಜೀನಾಮೆ ಕೊಟ್ಟ ಆ ಶಾಸಕರನ್ನು ಸ್ಪೀಕರ್ ರಮೇಶ್ ಕುಮಾರ್ ಅನರ್ಹಗೊಳಿಸಿ, ಸದನದ ಅವಧಿ ಮುಗಿಯುವವರೆಗೆ ಅವರು ಸ್ಪರ್ಧಿಸಬಾರದೆಂದರು. ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟ್ ಆ ಭಾಗವನ್ನು ತಳ್ಳಿಹಾಕಿತು. ಹಾಗಾದರೆ ಕಾನೂನನ್ನೇ ತಿದ್ದಬೇಕು. ಮುಂದಿನ ಸಲ ಮತ ಕೇಳಲು ಬಂದವರನ್ನು, ಯಾವ ಪಕ್ಷದವರೇ ಇರಲಿ, ಈ ತಿದ್ದುಪಡಿಗೆ ನಿಮ್ಮ ಒಪ್ಪಿಗೆ ಇದೆಯೇ ಎಂದು ದಯವಿಟ್ಟು ಕೇಳಿ.