ಮಗುವನ್ನು ಮೊದಲು ನೋಡುವ ವೈದ್ಯರು



ಒಂದೂವರೆ ವರ್ಷದ ಮಗು ಹೆಸರು ಹಿಡಿದು ಕರೆದರೂ ತಿರುಗಿ ನೋಡುವುದಿಲ್ಲ. ಬೇಕಾದುದನ್ನು ಬೆರಳು ಮಾಡಿ ತೋರಿಸುವುದಿಲ್ಲ. ತಾಯಿ ಈ ಸಂಗತಿಯನ್ನು ಮೊದಲು ಹೇಳುವುದು ಮನೋವೈದ್ಯರಿಗಲ್ಲ, ಜ್ವರಕ್ಕೂ ಲಸಿಕೆಗೂ ನೋಡುವ ಬಡಾವಣೆಯ ವೈದ್ಯರಿಗೆ. ಅವರು 'ಗಂಡುಮಕ್ಕಳು ತಡವಾಗಿಯೇ ಮಾತಾಡುತ್ತಾರೆ, ಕಾಯಿರಿ' ಎಂದು ಕಳುಹಿಸಿದರೆ ವರ್ಷಗಳೇ ಕಳೆದುಹೋಗುತ್ತವೆ. ಮಿದುಳು ಅತಿ ವೇಗವಾಗಿ ಬೆಳೆಯುವ ವರ್ಷಗಳೂ ಅವೇ.

ತಜ್ಞರು ಎಲ್ಲ ಊರುಗಳಲ್ಲಿ ಇಲ್ಲ, ಬೇಗನೆ ಬರುವಂತೆಯೂ ಇಲ್ಲ. ಆದುದರಿಂದ ಅವರ ತಿಳಿವಳಿಕೆಯನ್ನಾದರೂ ಊರೂರಿಗೆ ಮುಟ್ಟಿಸುವ ಪ್ರಯತ್ನ ನಡೆದಿದೆ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ ಅವರು ಹೆಪಟೈಟಿಸ್ ಸಿ ಚಿಕಿತ್ಸೆಗಾಗಿ 'ಎಕೋ' ಎಂಬ ಪದ್ಧತಿಯನ್ನು ಆರಂಭಿಸಿದರು. ಅದರಲ್ಲಿ ಉಪನ್ಯಾಸ ಅಲ್ಪ. ದೂರದ ಊರಿನ ವೈದ್ಯರು ತಮ್ಮ ರೋಗಿಯ ವೃತ್ತಾಂತವನ್ನು, ಗುರುತು ಮರೆಮಾಡಿ, ವಿಡಿಯೋ ಮೂಲಕ ಮಂಡಿಸುತ್ತಾರೆ. ತಜ್ಞರ ತಂಡವೂ ಇತರ ಊರುಗಳ ವೈದ್ಯರೂ ಕೂಡಿ ಚರ್ಚಿಸುತ್ತಾರೆ. ರೋಗಿ ತನ್ನ ವೈದ್ಯರ ಬಳಿಯೇ ಉಳಿಯುತ್ತಾನೆ. ಮಿಸೌರಿಯಲ್ಲಿ ಇದನ್ನು ಆಟಿಸಂಗೆ ಅನ್ವಯಿಸಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮಾನಸಿಕ ಆರೋಗ್ಯಕ್ಕಾಗಿ ಅಳವಡಿಸಿಕೊಂಡಿತು.

ಇಷ್ಟು ಕೇಳಿ ಚಪ್ಪಾಳೆ ತಟ್ಟಿ ಏಳಬಹುದಿತ್ತು. ಆದರೆ ಆಟಿಸಂ ತರಬೇತಿಯನ್ನು 10 ಕೇಂದ್ರಗಳ 148 ಪ್ರಾಥಮಿಕ ಚಿಕಿತ್ಸಕರಲ್ಲಿ ಪರೀಕ್ಷಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಅವರ ಜ್ಞಾನ ಹೆಚ್ಚಿತ್ತು, ಆತ್ಮವಿಶ್ವಾಸವೂ ಹೆಚ್ಚಿತ್ತು. ರೋಗಿಗಳ ದಾಖಲೆಗಳನ್ನು ತೆರೆದು ನೋಡಿದಾಗ ಮಾತ್ರ, ಮಕ್ಕಳನ್ನು ತಪಾಸಣೆ ಮಾಡುವ ರೂಢಿಯಲ್ಲಿ ಗಣನೀಯ ಬದಲಾವಣೆ ಕಾಣಲಿಲ್ಲ.

ಈ ಪದ್ಧತಿ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಅರಿತವರಿಗೂ ವೇಳೆ ಬೇಕು, ಮುಂದೆ ಕಳುಹಿಸಲು ಒಂದು ಬಾಗಿಲು ಬೇಕು. ಹೊರಗೆ ಸಾಲು ನಿಂತಿರುವಾಗ ತಾಯಿಗೆ ಇಪ್ಪತ್ತು ಪ್ರಶ್ನೆ ಕೇಳುವವರಾರು? ಕೇಳಿ ಸಂಶಯ ಬಂದರೂ ಕಳುಹಿಸುವುದೆಲ್ಲಿಗೆ? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಯನ್ನೂ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳನ್ನೂ ಕಲ್ಪಿಸಿದೆ. ಕಾಗದದ ಮೇಲೆ ಬಾಗಿಲು ಇದೆ. ಅಲ್ಲಿ ವಾಕ್ ಚಿಕಿತ್ಸಕರ ಹುದ್ದೆ ಭರ್ತಿಯಾಗಿದೆಯೇ ಎಂದು ಕೇಳದೆ, ತರಬೇತಿ ಪಡೆದವರ ಸಂಖ್ಯೆಯನ್ನಷ್ಟೇ ಪ್ರಕಟಿಸುವ ಸರ್ಕಾರವನ್ನು ನಾವು ಒಪ್ಪಬೇಕಾಗಿಲ್ಲ. ಪ್ರಮಾಣಪತ್ರ ಹಂಚುವುದು ಸುಲಭದ ಕೆಲಸ.

ಹೊರನಾಡ ಕನ್ನಡಿಗರಿಗೆ ಇನ್ನೊಂದು ಮಾತು. ಪುಣೆಯಲ್ಲೋ ಮುಂಬಯಿಯಲ್ಲೋ ನಮ್ಮ ಮಗು ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಕೇಳುತ್ತದೆ. ಮಾತು ತಡವಾದರೆ 'ಮನೆಯಲ್ಲಿ ಕನ್ನಡ ಬಿಡಿ' ಎಂಬ ಸಲಹೆ ತಟ್ಟನೆ ಬರುತ್ತದೆ. ಈ ಸಲಹೆಗೆ ಶಾಸ್ತ್ರಾಧಾರವಿಲ್ಲ. ಎರಡು ಭಾಷೆ ಕೇಳುವುದರಿಂದ ಆಟಿಸಂ ಬರುವುದಿಲ್ಲ, ಭಾಷಾದೋಷವೂ ಉಂಟಾಗುವುದಿಲ್ಲ. ಮಗುವಿನ ಪದಗಳನ್ನು ಎಣಿಸುವಾಗ ಎಲ್ಲ ಭಾಷೆಗಳ ಪದಗಳನ್ನೂ ಕೂಡಿಸಿಯೇ ಎಣಿಸಬೇಕು. ಅಜ್ಜಿಯೊಡನೆ ಆಡುವ ಮಾತನ್ನು ಕಸಿದುಕೊಂಡರೆ ಆ ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ. ದೂರ ತರಬೇತಿಯ ಚರ್ಚೆಗಳಲ್ಲಿ ಇಂತಹ ಬಹುಭಾಷಿಕ ಮಕ್ಕಳ ವೃತ್ತಾಂತಗಳು ಬರಲೇಬೇಕು. ತರುವವರು ನಮ್ಮ ನಡುವಿನ ವೈದ್ಯರೇ ಆಗಬೇಕು.

ನಮ್ಮ ಸಮಾಜದ ಧರ್ಮಾರ್ಥ ಚಿಕಿತ್ಸಾಲಯಗಳ ಧರ್ಮದರ್ಶಿಗಳು ಈ ಸಭೆಯಲ್ಲಿದ್ದಾರೆ. ತಮ್ಮ ವೈದ್ಯರಿಗೆ ಹದಿನೈದು ದಿನಕ್ಕೊಮ್ಮೆ, ಸಂಬಳ ಕಡಿಯದೆ, ಒಂದು ಗಂಟೆಯ ಬಿಡುವನ್ನು ಇಂತಹ ತರಬೇತಿಗಾಗಿ ಕೊಡಲಿ. ವರ್ಷದ ಕೊನೆಗೆ ವರದಿಯಲ್ಲಿ ಎಷ್ಟು ವೈದ್ಯರು ಕಲಿತರೆಂದು ಬರೆಯುವುದು ಬೇಡ. ಎಷ್ಟು ಮಕ್ಕಳನ್ನು ನೋಡಿದರು, ಅವರಲ್ಲಿ ಎಷ್ಟು ಮಕ್ಕಳು ಮುಂದಿನ ಚಿಕಿತ್ಸೆಗೆ ನಿಜವಾಗಿ ತಲುಪಿದರು ಎಂದು ಬರೆಯಲಿ.