ಏಳೂವರೆಯ ಕಾಫಿ



ಊಟಕ್ಕೆ ಮುಂಚೆ ಒಬ್ಬ ಚಾರ್ಟರ್ಡ್ ಅಕೌಂಟೆಂಟನ್ನು ಮಾತಿಗೆ ನಿಲ್ಲಿಸಿದ್ದೀರಿ. ನಿಮ್ಮ ಧೈರ್ಯ ದೊಡ್ಡದು. ಲೆಕ್ಕದ ವಿಷಯ ಒಂದೇ ಒಂದು ಹೇಳುತ್ತೇನೆ. ಆಡಿಟ್ ಮಾಡುವಾಗ ಪುಸ್ತಕದಲ್ಲಿ ಬರೆದಿರುವುದು ನಿಜವೇ ಎಂದು ನೋಡುವುದು ಸುಲಭ, ವೋಚರ್ ತೆಗೆಸಿದರಾಯಿತು. ಬರೆಯಬೇಕಾಗಿದ್ದು ಬಿಟ್ಟುಹೋಗಿದೆಯೇ ಎಂದು ಕಂಡುಹಿಡಿಯುವುದು ಕಷ್ಟ. ಇಲ್ಲದ್ದು ಕಣ್ಣಿಗೆ ಬೀಳಬೇಕಾದರೆ, ದಿನವೂ ಅಲ್ಲಿ ಏನಿರುತ್ತದೆ ಎಂದು ಗೊತ್ತಿರಬೇಕು.

ಈ ಕೆಲಸವನ್ನು ನನಗಿಂತ ಚೆನ್ನಾಗಿ ಬಲ್ಲವರು ತಿಪಟೂರಿನಲ್ಲಿ ನಮ್ಮ ಬೀದಿಯ ತಿರುವಿನಲ್ಲಿರುವ ಹೋಟೆಲಿನವರು.

ಅಮ್ಮ ಹೋದ ಮೇಲೆ ಅಪ್ಪ ಅಲ್ಲಿ ಒಬ್ಬರೇ ಇದ್ದಾರೆ. ಆರೂವರೆಗೆ ಬಾಗಿಲಲ್ಲಿ ಹಾಲು. ಏಳೂವರೆಗೆ ಹೋಟೆಲಿನಲ್ಲಿ ಕಾಫಿ, ಅಲ್ಲೇ ಪೇಪರ್, ಆಮೇಲೆ ಕೊಬ್ಬರಿ ರೇಟಿನ ಮಾತು. ಅಪ್ಪ ರಿಟೈರ್ಡ್ ಮೇಷ್ಟ್ರು. ಅವರಿಗೆ ತೋಟವಿಲ್ಲ, ಮಾರಲು ಒಂದು ಉಂಡೆ ಕೊಬ್ಬರಿಯೂ ಇಲ್ಲ. ಆದರೂ ಹರಾಜಿನಲ್ಲಿ ಕ್ವಿಂಟಾಲಿಗೆ ಎಷ್ಟಾಯಿತು ಅಂತ ತಿಳಿಯದೆ ಅವರಿಗೆ ತಿಂಡಿ ಸೇರುವುದಿಲ್ಲ. "ಬೆಂಗಳೂರಿಗೆ ಬನ್ನಿ, ಒಳ್ಳೆ ಅಪಾರ್ಟ್‌ಮೆಂಟ್ ನೋಡ್ತೀನಿ, ಲಿಫ್ಟ್ ಇರುತ್ತೆ, ಸೆಕ್ಯೂರಿಟಿ ಇರುತ್ತೆ" ಎಂದು ಐದು ವರ್ಷ ಗೋಗರೆದೆ. ಬರಲಿಲ್ಲ. ಹಟ ಅಂದುಕೊಂಡೆ. ಹಾಲ್‌ನಲ್ಲಿ ಒಂದು ಕ್ಯಾಮೆರಾ ಹಾಕಿಸಿದೆ, ಭಾನುವಾರ ಭಾನುವಾರ ವಿಡಿಯೊ ಕಾಲ್ ಮಾಡುತ್ತಿದ್ದೆ.

ಎರಡು ಚಳಿಗಾಲದ ಹಿಂದೆ, ಒಂದು ಮಂಗಳವಾರ, ಅಪ್ಪ ಬಚ್ಚಲಲ್ಲಿ ಜಾರಿಬಿದ್ದರು. ಸೊಂಟದ ಮೂಳೆ ಮುರಿಯಿತು. ಬಚ್ಚಲಲ್ಲಿ ಯಾರೂ ಕ್ಯಾಮೆರಾ ಇಡುವುದಿಲ್ಲ. ಏಳು ಮುಕ್ಕಾಲಾದರೂ ಮೇಷ್ಟ್ರು ಬರಲಿಲ್ಲವಲ್ಲ ಎಂದು ಹೋಟೆಲಿನವರು ಹುಡುಗನನ್ನು ಕಳಿಸಿದರು. ಹಾಲಿನ ಪ್ಯಾಕೆಟ್ ಇನ್ನೂ ಬಾಗಿಲಲ್ಲೇ ಇತ್ತು. ಹುಡುಗ ಹಿತ್ತಲ ಕಡೆಯಿಂದ ಒಳಗೆ ಹೋದ. ಮಧ್ಯಾಹ್ನದೊಳಗೆ ಅಪ್ಪ ತುಮಕೂರಿನ ಆಸ್ಪತ್ರೆಯಲ್ಲಿದ್ದರು. ಹುಡುಗ ಬಾಗಿಲು ತಟ್ಟಿದಾಗ ಇಲ್ಲಿ ರಾತ್ರಿ ಎರಡೂಕಾಲು. ನಾನು ಒಳ್ಳೆಯ ನಿದ್ದೆಯಲ್ಲಿದ್ದೆ.

ಆಸ್ಪತ್ರೆಯಿಂದ ಅಪ್ಪನನ್ನು ಮನೆಗೆ ಬಿಟ್ಟು ಲಡ್ಲೋಗೆ ವಾಪಸ್ ಬಂದಾಗ ನನಗೆ ಬಂದ ಮೊದಲ ಯೋಚನೆ ಅಪ್ಪನದಲ್ಲ, ನನ್ನದೇ. ನಾನಿಲ್ಲಿ ಬಿದ್ದರೆ? ಹೆಂಡತಿಗೆ ಆಸ್ಪತ್ರೆಯ ಶಿಫ್ಟ್, ನನಗೆ ಮನೆಯಿಂದಲೇ ಕೆಲಸ. ದಿನಸಿ, ತರಕಾರಿ ಎಲ್ಲ ಬಾಗಿಲಿಗೆ ಬರುತ್ತಿತ್ತು. ತಂದವರು ಬೆಲ್ ಒತ್ತಿ, ನಾನು ಬರುವಷ್ಟರಲ್ಲಿ ವ್ಯಾನ್ ಹತ್ತಿರುತ್ತಿದ್ದರು. ಆ ಊರಿನಲ್ಲಿ ನಾಲ್ಕು ವರ್ಷ ಇದ್ದೆ. ನಾನು ಇಲ್ಲ ಎಂದು ಗೊತ್ತಾಗಲು, ಇದ್ದೇನೆ ಎಂದೇ ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಸಂಘವಿದೆಯಲ್ಲ ಎನ್ನುತ್ತೀರಿ. ಇದೆ, ಅದಕ್ಕೇ ಇಲ್ಲಿ ನಿಂತಿದ್ದೇನೆ. ಆದರೆ ಯುಗಾದಿ, ದೀಪಾವಳಿ, ರಾಜ್ಯೋತ್ಸವ ಎಂದು ವರ್ಷಕ್ಕೆ ಮೂರು ನಾಲ್ಕು ಸಲ ಸೇರುವವರು ನಾವು. ಯಾರಾದರೂ ಬರದಿದ್ದರೆ "ಟ್ರಾಫಿಕ್ ಇರಬೇಕು" ಎಂದು ಬಿಸಿಬೇಳೆಬಾತ್‌ಗೆ ಕೈ ಹಾಕುತ್ತೇವೆ. ನಾನೂ ಹಾಕಿದ್ದೇನೆ.

ಲಡ್ಲೋದಲ್ಲಿ ಕೋಟೆಯ ಮುಂದಿನ ಚೌಕದಲ್ಲಿ ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ಸಂತೆ. ಆನ್‌ಲೈನ್ ತರಕಾರಿ ನಿಲ್ಲಿಸಿ, ಬುಧವಾರ ಮತ್ತು ಶನಿವಾರ ಹತ್ತು ಗಂಟೆಗೆ ಚೀಲ ಹಿಡಿದು ಹೋಗತೊಡಗಿದೆ. ಮೊದಲ ಆರು ತಿಂಗಳು ಮಳೆ, ಗಾಳಿ ಬಿಟ್ಟು ಬೇರೆ ಮಾತಿಲ್ಲ. ಬೇಸರವಾಗುತ್ತಿತ್ತು. ಆಮೇಲೆ ಹೊಳೆಯಿತು, ಅದು ಇವರ "ಊಟ ಆಯ್ತಾ?". ಉತ್ತರಕ್ಕಾಗಿ ಕೇಳುವ ಪ್ರಶ್ನೆಯಲ್ಲ.

ಈ ಜನವರಿಯಲ್ಲಿ ಜ್ವರ ಬಂದು ಎರಡು ವಾರ ಹೋಗಲಾಗಲಿಲ್ಲ. ಮೂರನೆಯ ವಾರ ಹೋದಾಗ ತರಕಾರಿಯಾಕೆ ಸ್ವಲ್ಪ ಸಿಟ್ಟಿನಲ್ಲೇ, "ಎಲ್ಲಿ ಹೋಗಿದ್ದೆ? ನಿನಗೆಂದು ಎತ್ತಿಟ್ಟ ಕೊತ್ತಂಬರಿ ಬಾಡಿಹೋಯಿತು" ಎಂದಳು. ಆಕೆಗೆ ನನ್ನ ಹೆಸರು ಈಗಲೂ ಗೊತ್ತಿಲ್ಲ. ಬಾಡಿದ ಕೊತ್ತಂಬರಿಯ ದುಡ್ಡು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ.

ಅಪ್ಪ ಈಗ ಕೋಲು ಹಿಡಿದು ನಡೆಯುತ್ತಾರೆ. ನಿಧಾನ. ಏಳೂವರೆಯ ಕಾಫಿ ಎಂಟು ಗಂಟೆಯದಾಗಿದೆ. ಹೋಟೆಲಿನವರು ಎಂಟೂಕಾಲಿನವರೆಗೆ ಕಾದು, ಆಮೇಲೆ ಹುಡುಗನನ್ನು ಕಳಿಸುತ್ತಾರಂತೆ.